ಮೀಟರ್ ಮೊಟ್ಟೆಯಾಗಬಾರದು

ಹಾನಗಲ್ ಕಡೆ ವರದಾ ನದಿಯ ನೀರೆತ್ತುವ ಪಂಪ್‌ಹೌಸೊಂದರಲ್ಲಿ ಹಳೇ ಮಾನಿಟರ್ ಕೆಟ್ಟಿತ್ತು. ಅದು 4:3, 1024×768. ಈಗ ಅಂಗಡೀಲಿ ಹೆಚ್ಚಾಗಿ ಸಿಗೋದು 16:9, 1920×1080. ಹಾಗೇ ಹಿಗ್ಗಿಸಿದರೆ ಅಗಲ 1.875 ಪಟ್ಟು, ಎತ್ತರ ಬರೀ 1.4. ದುಂಡನೆಯ ಮೀಟರ್ ಮೊಟ್ಟೆಯಾಗುತ್ತೆ. ದೂರದಿಂದಲೇ ಮುಳ್ಳು ನೋಡಿ ಒತ್ತಡ ಅಂದಾಜು ಮಾಡುವವರಿಗೆ ಲೆಕ್ಕ ತಪ್ಪುತ್ತೆ.

ಆಪರೇಟರ್ ಕಾಕಾ ಕೇಳಿದ್ದು ಒಂದೇ: "ಸ್ಟಾಪ್ ಬಟನ್ ಜಾಗಾ ಬದಲ್ ಮಾಡಬ್ಯಾಡ್ರಿ ಸರ. ರಾತ್ರಿ ಕೈ ತಾನ ಅಲ್ಲಿಗೆ ಹೋಗತೈತಿ."

ಹಳೇ ಚಿತ್ರವನ್ನು ಅಗಲ, ಎತ್ತರ ಎರಡಕ್ಕೂ ಒಂದೇ ಅಳತೆಯಲ್ಲಿ ದೊಡ್ಡದು ಮಾಡಿ, 1440×1080ಕ್ಕೆ ನಿಲ್ಲಿಸಿ, ಎಡಕ್ಕೆ ಒತ್ತರಿಸಿದೆ. ಬಲಕ್ಕೆ ಉಳಿದ 480 ಪಿಕ್ಸೆಲ್ ಪಟ್ಟಿ ಅಲಾರ್ಮ್‌ಗಳಿಗೆ. ಎಡಮೂಲೆಯ ಸ್ಟಾಪ್ ಬಟನ್ ಎಡಮೂಲೆಯಲ್ಲೇ ಉಳೀತು.

ಮೊಬೈಲ್ ಆ್ಯಪ್ ಮುಖ ಬದಲಿಸಿದರೆ ನಾವು ಬೈದು ಸುಮ್ಮನಾಗ್ತೀವಿ. ಇಲ್ಲಿ ಕೈ ತಡವರಿಸಿದರೆ ಪಂಪು ನೀರಿಲ್ಲದೆ ಓಡಿ ಸೀಲ್ ಸುಡುತ್ತೆ.