ಅರ್ಧ ಓದಿದ ಪುಸ್ತಕ

ಈಗ ಓದುತ್ತಿರುವುದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಕಾಲೇಜಿನಲ್ಲಿದ್ದಾಗ ಒಮ್ಮೆ ಓದಿದ್ದೆ. ಆಗ ಮನಸ್ಸೆಲ್ಲ ಲಚ್ಚನ ಬೆನ್ನು ಹತ್ತಿತ್ತು. ಇಂಗ್ಲಿಷು ಕಲಿಯಲು ಪಟ್ಟಣಕ್ಕೆ ಹೋಗಿ, ಚಟಕ್ಕೆ ಬಿದ್ದು, ಮನೆಯ ಗಳಿಕೆಯನ್ನೆಲ್ಲ ಕರಗಿಸಿದ ಮಗ ಅವನು. ಈ ಸಲ ಲಚ್ಚ ಹಿಂದೆ ಸರಿದಿದ್ದಾನೆ. ಅವನ ಸೋದರತ್ತೆ ಸರಸೋತಿ ಮುಂದೆ ಬಂದು ನಿಂತಿದ್ದಾಳೆ. ಗಂಡನನ್ನು ಕಳೆದುಕೊಂಡು ತವರಿನಲ್ಲೇ ಉಳಿದ ಹೆಂಗಸು. ಲಚ್ಚನ ತಂದೆ ರಾಮ ಐತಾಳರು ಪೌರೋಹಿತ್ಯಕ್ಕೆಂದು ಊರೂರು ತಿರುಗುವಾಗ ಐತಾಳರ ಹೆಂಡತಿ ಪಾರೋತಿಯೂ ಇವಳೂ ಸೇರಿ ಕಡಲಂಚಿನ ಆ ಮನೆಯನ್ನು, ಗದ್ದೆಯನ್ನು ಮೈಮುರಿದು ನಡೆಸುತ್ತಾರೆ. ಸರಸೋತಿಗೆ ತನ್ನದೆನ್ನುವ ಆಸ್ತಿಯಿಲ್ಲ, ಮಕ್ಕಳಿಲ್ಲ. ಆದರೂ ಮನೆಯಲ್ಲಿ ನ್ಯಾಯದ ಮಾತು ಬಂದಾಗ ಎದ್ದು ನಿಲ್ಲುವವಳು ಅವಳೇ. ಹದಿಹರೆಯದಲ್ಲಿ ಓದಿದಾಗ ಇವಳು ನನಗೆ ಕಂಡೇ ಇರಲಿಲ್ಲ.

ಕಾದಂಬರಿಯ ನಡುವಿಗೆ ಬಂದಿದ್ದೇನೆ. ಇಂಥ ಹೊತ್ತಿನಲ್ಲಿ ಯಾರಾದರೂ ಮನೆಗೆ ಬಂದರೆ ಸರಸೋತಿಯ ವಿಷಯ ಹೇಳದೆ ಕಳಿಸಲು ನನ್ನಿಂದಾಗದು. ಮೊನ್ನೆ ಪಕ್ಕದ ಮನೆಯ ಅಕ್ಕ ಕರಿಬೇವಿಗೆಂದು ಬಂದವರು ಮೇಜಿನ ಮೇಲಿದ್ದ ಪುಸ್ತಕ ನೋಡಿ, “ಎಂಥ ಓದ್ತಾ ಇದೀರಿ?” ಅಂದರು. ಹೇಳತೊಡಗಿದೆ. ಅವರದು ಕುಂದಾಪುರದ ಕಡೆಯ ತವರು. ಸ್ವಲ್ಪ ಹೊತ್ತು ಕೇಳಿ, “ನಮ್ಮ ದೊಡ್ಡತ್ತೆ ಹೀಂಗೇ ಇದ್ರು ಮಾರಾಯ್ರೆ” ಎಂದು ಅಲ್ಲೇ ಜಗಲಿಯಲ್ಲಿ ಕೂತುಬಿಟ್ಟರು. ಆಮೇಲೆ ಮಾತೆಲ್ಲ ಅವರದೇ. ಆ ದೊಡ್ಡತ್ತೆ ಗದ್ದೆಯ ಅಂಚು ಕಟ್ಟುತ್ತಿದ್ದ ರೀತಿ, ಮಳೆಗಾಲಕ್ಕೆ ಕೂಡಿಡುತ್ತಿದ್ದ ಸೌದೆ, ಯಾರ ಮುಂದೆಯೂ ತಗ್ಗದ ದನಿ. ಪುಸ್ತಕ ಮುಗಿದ ಕೂಡಲೇ ತಮಗೇ ಕೊಡಬೇಕು, ಬೇರೆಯವರಿಗಲ್ಲ ಎಂದು ಮಾತು ತೆಗೆದುಕೊಂಡು ಹೋದರು.

ಓದಿ ಮುಗಿಸಿದ ಪುಸ್ತಕದ ಬಗ್ಗೆ ನಾವು ತೀರ್ಪು ಕೊಡುತ್ತೇವೆ. ಓದುತ್ತಿರುವ ಪುಸ್ತಕದ ಬಗ್ಗೆ ತೀರ್ಪು ಕೊಡಲಾರೆವು, ಮಾತಾಡಬಲ್ಲೆವು ಅಷ್ಟೆ. ಕತೆ ಎತ್ತ ಹೋಗುತ್ತದೋ ಹೇಳುವವರಿಗೂ ತಿಳಿದಿರುವುದಿಲ್ಲ. ಯಾರ ಮೇಲೋ ಸಿಟ್ಟು, ಯಾರ ಬಗ್ಗೆಯೋ ಆತಂಕ, ಎಲ್ಲ ಇನ್ನೂ ಹಸಿಯಾಗಿರುತ್ತದೆ. ಕೇಳುವವರಿಗೆ ತಾಗುವುದು ಅದೇ. ಹಾಗಾಗಿ ‘ಓದಲೇಬೇಕಾದ ನೂರು ಪುಸ್ತಕಗಳು’ ಎಂಬಂಥ ಪಟ್ಟಿಗಳ ಮೇಲೆ ನನಗೆ ನಂಬಿಕೆ ಕಡಿಮೆ. ಆ ಪಟ್ಟಿಯಲ್ಲಿರುವ ಪುಸ್ತಕಗಳು ದೊಡ್ಡವೇ. ಆದರೆ ಪಟ್ಟಿಗೆ ಎದುರು ಕೂತವರ ಮುಖ ಕಾಣುವುದಿಲ್ಲ.

ಒಂದು ಪುಸ್ತಕವನ್ನು ಹೇಳುವಾಗ ಪುಸ್ತಕದಷ್ಟೇ ಕೇಳುವ ಮನುಷ್ಯರನ್ನೂ ಬಲ್ಲವರಾಗಿರಬೇಕು. ಕನ್ನಡದ ಮಹಾಕಾದಂಬರಿ ಯಾವುದು ಎಂದು ಹೊಸ ಓದುಗರು ಕೇಳಿದರೆ ಹಲವರು ತಟ್ಟನೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಅನ್ನುತ್ತಾರೆ. ಅದು ಮಹಾಕಾದಂಬರಿ ಹೌದು, ನನ್ನ ಪ್ರಾಣ ಅದು. ಆದರೆ ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಹೊರಟ ಕೆಲವೇ ಪುಟಗಳಲ್ಲಿ ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಎಂದು ಮನೆಗಳೂ ಜನರೂ ಒಬ್ಬರ ಹಿಂದೊಬ್ಬರು ಬರುತ್ತಾರೆ. ಅಭ್ಯಾಸವಿಲ್ಲದವರು ಅಲ್ಲೇ ದಾರಿ ತಪ್ಪಿ ಪುಸ್ತಕ ಮುಚ್ಚಿಡುತ್ತಾರೆ, ಆಮೇಲೆ ಕುವೆಂಪು ಕಷ್ಟ ಎಂದು ಊರಿಗೆಲ್ಲ ಹೇಳುತ್ತಾರೆ. ಅಂಥವರಿಗೆ ನಾನು ಮೊದಲು ‘ಮಲೆನಾಡಿನ ಚಿತ್ರಗಳು’ ಕೊಡುತ್ತೇನೆ. ಆ ಕಾಡು, ಆ ಮಳೆ, ಆ ಅಡಿಗೆಮನೆಯ ಮಾತುಕತೆ ರೂಢಿಯಾದ ಮೇಲೆ ಮದುಮಗಳ ಬಳಿಗೆ ಕಳಿಸುತ್ತೇನೆ. ಮನೆಗಳ ಹೆಸರನ್ನೂ ಜನರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಎಂದೂ ಹೇಳುತ್ತೇನೆ. ಹುಲಿಯನಿಗೆ ಕೊನೆಗೆ ಏನಾಯಿತೆಂದು ಮಾತ್ರ ಯಾರಿಗೂ ಹೇಳುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುವವರು ಓದುವವರಿಂದ ದೊಡ್ಡದೊಂದನ್ನು ಕಸಿದುಕೊಳ್ಳುತ್ತಾರೆ.

ತ್ರಿವೇಣಿಯವರ ‘ಶರಪಂಜರ’ದ ವಿಷಯ ಇನ್ನೂ ಸೂಕ್ಷ್ಮ. ಪುಟ್ಟಣ್ಣ ಕಣಗಾಲರ ಸಿನಿಮಾದಿಂದಾಗಿ ಕಾವೇರಿಯ ಕತೆ ಎಲ್ಲರಿಗೂ ಗೊತ್ತು ಎಂದುಕೊಂಡಿದ್ದೇವೆ. ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣು ಚಿಕಿತ್ಸೆ ಪಡೆದು ಗುಣವಾಗಿ ಬರುತ್ತಾಳೆ. ಬಂದ ಮೇಲೆ ಮನೆಯವರ ನೋಟ, ಪಿಸುಮಾತು, ಅನುಮಾನಗಳೇ ಅವಳನ್ನು ಮತ್ತೆ ಕತ್ತಲಿಗೆ ದೂಡುತ್ತವೆ. ನಮ್ಮ ಬಳಗದಲ್ಲಿ ಹೆರಿಗೆಯಾದ ಹುಡುಗಿಯೊಬ್ಬಳು ಮಂಕಾಗಿ, ಮಗುವನ್ನು ಎತ್ತಿಕೊಳ್ಳಲೂ ಹೆದರುವಂತಾಗಿದ್ದಳು. ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು. ‘ಶರಪಂಜರ’ವನ್ನು ನಾನು ಕೊಟ್ಟದ್ದು ಅವಳ ಗಂಡನಿಗೆ, ಅತ್ತೆಗೆ. ಅದು ಬಾಣಂತಿಗೆ ಕೊಡುವ ಪುಸ್ತಕವಲ್ಲ, ಬಾಣಂತಿಯ ಮನೆಯವರಿಗೆ ಕೊಡಬೇಕಾದದ್ದು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಅದನ್ನು ಬರೆದದ್ದೇ ಆ ಮನೆಯವರಿಗಾಗಿ ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ.

ಕೆಲವು ಪುಸ್ತಕಗಳನ್ನು ಕೈಗೆ ಕೊಟ್ಟರೆ ಸಾಲದು, ಓದಿ ಹೇಳಬೇಕು. ದೇವನೂರ ಮಹಾದೇವರ ‘ಕುಸುಮಬಾಲೆ’ ಅಂಥದ್ದು. ನಂಜನಗೂಡು ಸೀಮೆಯ ಆ ಮಾತು ಮಲೆನಾಡಿನ ನಮಗೆ ಕಣ್ಣಿನಲ್ಲಿ ಓದುವಾಗ ತೊಡರುತ್ತದೆ, ಬಾಯಿಬಿಟ್ಟು ಓದಿದರೆ ತಾನೇ ತೆರೆದುಕೊಳ್ಳುತ್ತದೆ. ದೀಪಗಳಲ್ಲಿರುವ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಆಡಿಕೊಳ್ಳುವ ಭಾಗವನ್ನು ಜೋರಾಗಿ ಓದಿಯೇ ನಾನು ಆ ಕಾದಂಬರಿಗೆ ಓದುಗರನ್ನು ಹುಡುಕಿದ್ದೇನೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ, ಇದು ಈ ನೆಲದ ಹಳೆಯ ರೂಢಿ. ಶಿವಮೊಗ್ಗದ ಹತ್ತಿರ ತುಂಗೆಯ ದಡದ ಹೊಸಹಳ್ಳಿಯಲ್ಲಿ ಇವತ್ತಿಗೂ ಗಮಕವೆಂದರೆ ಜೀವ. ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಅಕ್ಷರ ಬಾರದ ನಮ್ಮ ಅಜ್ಜಿಯಂಥವರು ಭಾರತವನ್ನು ‘ಓದಿದ್ದು’ ಹೀಗೆಯೇ.

ಇಡೀ ಕನ್ನಡದಲ್ಲಿ ಪುಸ್ತಕವೊಂದನ್ನು ಅತ್ತಿಮಬ್ಬೆಯಷ್ಟು ಪ್ರೀತಿಯಿಂದ ಜನರ ಮುಂದಿಟ್ಟವರು ಇನ್ನೊಬ್ಬರಿರಲಾರರು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು ಎಂದು ಓದುತ್ತ ಬಂದಿದ್ದೇವೆ. ಅಚ್ಚಿನ ಯಂತ್ರವಿಲ್ಲದ ಹತ್ತನೆಯ ಶತಮಾನದಲ್ಲಿ ಅದು ಓಲೆಗರಿಯ ಮೇಲೆ ಕಂಠವೆಂಬ ಮೊನೆಗೋಲಿನಿಂದ ಕೊರೆದು ಬರೆಯುವ ಕೆಲಸ. ಒಂದೊಂದು ಪ್ರತಿಗೂ ಯಾರೋ ಒಬ್ಬರ ಬೆನ್ನು ಬಗ್ಗಬೇಕು. ನನ್ನನ್ನು ಹೆಚ್ಚು ಹಿಡಿದಿಡುವುದು ಬೇರೆ ಸಂಗತಿ. ಪೊನ್ನ ಆ ಕಾವ್ಯ ಬರೆದದ್ದು ಮಲ್ಲಪ, ಪುನ್ನಮಯ್ಯ ಎಂಬ ಸೋದರರಿಗಾಗಿ. ಮಲ್ಲಪ ಅತ್ತಿಮಬ್ಬೆಯ ತಂದೆ. ಅಂದರೆ ಯಾರೋ ದೊಡ್ಡದೆಂದು ಹೇಳಿದ ಗ್ರಂಥವನ್ನು ಅವಳು ಹಂಚಲಿಲ್ಲ. ತನ್ನ ಮನೆಯಲ್ಲೇ ಹುಟ್ಟಿ, ತಾನು ಕೇಳಿ ಬಲ್ಲ ಕಾವ್ಯವನ್ನು ಹಂಚಿದಳು. ರನ್ನ 993ರಲ್ಲಿ ‘ಅಜಿತಪುರಾಣ’ ಬರೆದದ್ದೂ ಅವಳ ಆಶ್ರಯದಲ್ಲೇ. ಅವಳಾಗಿ ಸಾವಿರ ವರ್ಷ ಕಳೆದ ಮೇಲೂ ನಮ್ಮಲ್ಲಿ ಕಥಾಸಂಕಲನದ ಮೊದಲ ಮುದ್ರಣವೆಂದರೆ ಸಾಮಾನ್ಯವಾಗಿ ಐನೂರೋ ಸಾವಿರವೋ ಪ್ರತಿ. ಅಷ್ಟು ಪುಸ್ತಕಗಳಿಗೆ ಮನೆ ಸಿಗುವುದು ಯಾರೋ ಯಾರಿಗೋ ಹೇಳುವುದರಿಂದಲೇ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರನ್ನು ಮಾಡಿದರು. ಅಂಥವರ ಕಾಲಿನ ಧೂಳಿನ ಮೇಲೆ ನಮ್ಮ ಓದು ನಿಂತಿದೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಹನ್ನೆರಡು ಕತೆಗಳ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಆಗಿನಿಂದ ಬಹಳ ಜನ ಕೇಳುತ್ತಿದ್ದಾರೆ, ಬಾನು ಅವರದನ್ನು ಎಲ್ಲಿಂದ ಶುರು ಮಾಡಲಿ ಎಂದು. ‘ಎದೆಯ ಹಣತೆ’ ಕತೆಯಿಂದ ಎನ್ನುತ್ತೇನೆ. ಗಂಡನ ಮನೆಯಲ್ಲಿ ಉಳಿಯಲಾರದೆ ಮೆಹರುನ್ ತವರಿಗೆ ಬರುತ್ತಾಳೆ, ತವರಿನವರೇ ಅವಳನ್ನು ಮತ್ತೆ ಅಲ್ಲಿಗೆ ಬಿಟ್ಟುಬರುತ್ತಾರೆ. ಅದು ಯಾವ ಒಂದು ಮತದ ಮನೆಯ ಕತೆಯೂ ಅಲ್ಲ. ತಂಗಿಯನ್ನು ಮದುವೆ ಮಾಡಿ ಕಳಿಸಿದ ಅಣ್ಣಂದಿರೆಲ್ಲ ಓದಬೇಕು. ಕನ್ನಡ ಬಲ್ಲವರು ದಯವಿಟ್ಟು ಕನ್ನಡದಲ್ಲೇ ಓದಿ.

ಪುಸ್ತಕ ಹೇಳುವವರಿಗೆ ಕೇಳುವ ಕಿವಿಯೂ ಇರಬೇಕು. ನನ್ನ ಸೋದರಳಿಯ ಪಿಯುಸಿಯಲ್ಲಿದ್ದಾಗ ಪಠ್ಯ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಮಾರ, ಪ್ಯಾರ, ಕಿವಿ ಎಂಬ ನಾಯಿ ಬರುವ ಪುಟಗಳಿಗೆ ಗುರುತಿಟ್ಟು ಕೊಟ್ಟಿದ್ದೆ. ಅಲ್ಲಿಂದ ‘ಕರ್ವಾಲೊ’ಗೆ ಹೋದ, ಅಲ್ಲಿಂದ ಎಲ್ಲೆಲ್ಲಿಗೋ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ವಾರ ಫೋನ್ ಮಾಡಿ, “ಮಾವ, ವಸುಧೇಂದ್ರರ ‘ತೇಜೋ-ತುಂಗಭದ್ರಾ’ ಇನ್ನೂ ಓದಿಲ್ವಾ?” ಅಂದ. ಪುಸ್ತಕ 2019ರಲ್ಲೇ ಬಂದಿತ್ತು, ನನ್ನ ಕೈಗೆ ಬಂದಿರಲಿಲ್ಲ. ಲಿಸ್ಬನ್ ಊರಿನ ತೇಜೋ ನದಿಯಿಂದ ವಿಜಯನಗರದ ತುಂಗಭದ್ರೆಯವರೆಗೆ ಕತೆ ಹೇಗೆ ಹರಿಯುತ್ತದೆಂದು ಬಿಡಿಸಿ ಹೇಳಿದ. ಅವನು ಇನ್ನೂ ಮುಗಿಸಿಲ್ಲವಂತೆ. ಪೋರ್ಚುಗೀಸರ ಹಡಗು ಗೋವೆಯ ಕಡೆ ಹೊರಟಲ್ಲಿದ್ದಾನೆ. “ನೀವು ಶನಿವಾರ ಶುರು ಮಾಡಿ ಮಾವ, ಹಡಗು ಹೊರಟ ಮೇಲೆ ನಿಲ್ಸೋಕೆ ಆಗಲ್ಲ” ಎಂದು ನನಗಾಗಿ ಇನ್ನೊಂದು ಪ್ರತಿಯನ್ನು ಕೊಂಡು ಬಸ್ಸಿನಲ್ಲಿ ಕಳಿಸಿದ್ದಾನೆ.