ಸದ್ದಿಗೊಂದು ಬಾಗಿಲು

ಅಮೆರಿಕದಿಂದ ಹಿಂದಿರುಗಿದ ಮೇಲೆ ನಯಾಗರದ ಬಗ್ಗೆ ಬರೆಯಿರಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದಿರಿ. ನಯಾಗರದ ಬಗ್ಗೆ ಕನ್ನಡದಲ್ಲಿ ಪ್ರವಾಸಕಥನಗಳಿಗೆ ಕೊರತೆಯಿಲ್ಲ. ಆ ಜಲಪಾತಕ್ಕೆ ನನ್ನಿಂದ ಹೆಚ್ಚಿನ ಉಪಕಾರವೇನೂ ಆಗಲಾರದು. ನಾನು ಬರೆಯಹೊರಟಿರುವುದು ಒಂದು ಕಾರಿನ ಹೊಗೆಕೊಳವೆಯ ಬಗ್ಗೆ. ವಿಷಯ ಕೇಳಿ ನಗಬೇಡಿ. ವಿಜ್ಞಾನದ ಮೇಷ್ಟ್ರಿಗೆ ಹೊಗೆಕೊಳವೆಯಲ್ಲಿ ಸಿಗುವಷ್ಟು ಪಾಠ ಜಲಪಾತದಲ್ಲಿ ಸಿಗುವುದಿಲ್ಲ.

2023ರ ಬೇಸಿಗೆಯಲ್ಲಿ ಮಗಳ ಮನೆಯಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ಇದ್ದೆವು. ಅಲ್ಲಿನ ಪಂಪ ಕನ್ನಡ ಕೂಟದ ಪರಿಚಿತರ ಮೂಲಕ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ಅವನ ಹೆಸರು ಇಲ್ಲಿ ಬೇಡ. ಆ ವರ್ಷದ ಬ್ಯಾಚಿನವರು ಊಹಿಸಿಯಾರು. ಅವನ ತಂದೆ ನಮ್ಮೂರಿನ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವರು. ಒಂದೇ ಸಿಲಿಂಡರಿನ, ನಿಮಿಷಕ್ಕೆ 650 ಸುತ್ತು ತಿರುಗುವ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ ಅದು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಉರಿಯುವುದರಿಂದ ಸೆಕೆಂಡಿಗೆ ಐದಕ್ಕಿಂತ ತುಸು ಹೆಚ್ಚು ಬಾರಿ ಢಬ್ ಢಬ್ ಎನ್ನುತ್ತಿತ್ತು. ಅದರ ಸದ್ದು ಕೆರೆಯಾಚೆಗೂ ಕೇಳಿ, ಗಿರಣಿ ನಡೆಯುತ್ತಿದೆಯೆಂದು ತಿಳಿದು ಜನ ಭತ್ತದ ಮೂಟೆ ಹೊತ್ತು ಬರುತ್ತಿದ್ದರು. ಆ ಸದ್ದಿನ ಪಕ್ಕದಲ್ಲಿಯೇ ಇಪ್ಪತ್ತೆಂಟು ವರ್ಷ ನಿಂತಿದ್ದ ಅವರಿಗೆ ಐವತ್ತು ದಾಟುವ ಹೊತ್ತಿಗೆ ಕಿವಿ ಬಹುಪಾಲು ಹೋಗಿತ್ತು. ಶಾಲೆಗೆ ಬಂದಾಗ ನನ್ನ ತುಟಿಗಳನ್ನೇ ನೋಡುತ್ತ ನಿಲ್ಲುತ್ತಿದ್ದರು.

85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಮೀರಿ ಕೇಳಬಾರದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧಕ್ಕಿಳಿಯಬೇಕು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರು ಹಾಕಿಕೊಟ್ಟಿರುವ ಲೆಕ್ಕ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಗಿರಣಿಯಲ್ಲಿ ಈ ಲೆಕ್ಕ ಹೇಳುವವರು ಯಾರಿದ್ದರು?

ಅಂಥವರ ಮಗ ಹಣ ಕೊಟ್ಟು ಸದ್ದನ್ನು ಕೊಳ್ಳುತ್ತಿದ್ದಾನೆ ಎಂದು ಕೇಳಿ ನನಗೆ ಮೊದಲು ಕಸಿವಿಸಿಯಾಯಿತು. ಅವನದು 2016ರ ಮಾದರಿಯ ಫೋರ್ಡ್ ಮಸ್ಟಾಂಗ್ ಜಿಟಿ. ಐದು ಲೀಟರಿನ, ಎಂಟು ಸಿಲಿಂಡರುಗಳ, 435 ಅಶ್ವಶಕ್ತಿಯ ಎಂಜಿನ್. ಕಾರ್ಖಾನೆಯಿಂದ ಬಂದ ಸೈಲೆನ್ಸರನ್ನು ಕಳಚಿ, ಕವಾಟವಿರುವ ಬೇರೊಂದನ್ನು ತಾನೇ ಕೂರಿಸಬೇಕೆಂದು ಆ ಶನಿವಾರವನ್ನು ಮೀಸಲಿಟ್ಟಿದ್ದ. “ಸಾರ್, ನೀವು ಬಂದು ಕುರ್ಚಿಯಲ್ಲಿ ಕೂತರೆ ಸಾಕು” ಎಂದ. ಹೋದೆ.

ಕವಾಟ ಏಕೆ ಎಂದು ವಿಚಾರಿಸಿದಾಗ ನನ್ನ ಕಸಿವಿಸಿ ಕಡಿಮೆಯಾಯಿತು. ಪಕ್ಕದ ಮನೆಯಾಕೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ದಾದಿ. ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದು ಮಲಗುತ್ತಾರೆ. ಇವನು ಎಂಟೂವರೆಗೆ ಕಾರು ಹೊರಡಿಸುತ್ತಾನೆ. ಇವನ ಹೆಂಡತಿಗೆ ಹೆರಿಗೆಯಾದಾಗ ಹದಿನೈದು ದಿನ ಅಡುಗೆ ಮಾಡಿ ತಂದುಕೊಟ್ಟವರು ಅವರು. ಕವಾಟವಿಲ್ಲದ ಸೈಲೆನ್ಸರು ಇದರ ಅರ್ಧ ಬೆಲೆಗೆ ಸಿಗುತ್ತಿತ್ತಂತೆ. ಕೊಳ್ಳುವ ಮೊದಲು ಇವನು ಅವರ ಮನೆಗೆ ಹೋಗಿ ಹೀಗೆ ಮಾಡಲಿದ್ದೇನೆ ಎಂದು ಹೇಳಿದ್ದ. ಆಕೆ, “ನನ್ನ ನಿದ್ದೆ ಕೆಟ್ಟರೆ ನಿನ್ನ ಮನೆ ಬಾಗಿಲು ಬಡಿಯುತ್ತೇನೆ, ಪೊಲೀಸರನ್ನು ಕರೆಯುವುದಿಲ್ಲ” ಎಂದರಂತೆ.

ಪೊಲೀಸರ ಮಾತು ಆ ಊರಿನಲ್ಲಿ ತಮಾಷೆಯದಲ್ಲ. ಫೋರ್ಡ್ ಕಂಪನಿಯ ಎಂಜಿನಿಯರಿಂಗ್ ಮುಖ್ಯಸ್ಥರೊಬ್ಬರು ಡೆಟ್ರಾಯಿಟಿನ ಹೊರವಲಯದ ತಮ್ಮ ಮನೆಯಲ್ಲಿ ಮಸ್ಟಾಂಗ್ ಚಾಲೂ ಮಾಡಿದಾಗ ನೆರೆಯವರು ಪೊಲೀಸರಿಗೆ ದೂರಿದ್ದರು. ಅದನ್ನು ಕಂಪನಿಯೇ 2017ರಲ್ಲಿ ಹೇಳಿಕೊಂಡು, 2018ರ ಮಾದರಿಗೆ ಕವಾಟದ ವ್ಯವಸ್ಥೆ ತಂದಿತು. ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಮೆಲ್ಲಗೆ ಚಾಲೂ ಆಗು ಎಂದು ಮೊದಲೇ ಗೊತ್ತುಮಾಡಿಟ್ಟರೆ 82 ಡೆಸಿಬೆಲ್ ಸದ್ದು 72ಕ್ಕೆ ಇಳಿಯುತ್ತದೆ. ಆ ಏರ್ಪಾಡಿಗೆ ಅವರು ಕೊಟ್ಟ ಹೆಸರಿನ ಅರ್ಥ ‘ಒಳ್ಳೆಯ ನೆರೆಯವ’. ಹತ್ತು ಡೆಸಿಬೆಲ್ ಅಲ್ಪವೆನಿಸಬಹುದು. ಆದರೆ ಡೆಸಿಬೆಲ್ ಎಂಬುದು ಲಾಗರಿದಮ್ಮಿನ ಅಳತೆ. ಹತ್ತು ಇಳಿದರೆ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ, ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ತೋರುತ್ತದೆ. ನನ್ನ ವಿದ್ಯಾರ್ಥಿಯದು ಅದಕ್ಕಿಂತ ಹಳೆಯ ಕಾರು. ಕವಾಟ ಬೇಕಾದರೆ ಹೊರಗಿನಿಂದಲೇ ತರಬೇಕಾಗಿತ್ತು.

ಕೆಲಸದಲ್ಲಿ ಮುಕ್ಕಾಲು ಪಾಲು ತುಕ್ಕಿನೊಡನೆ ಹೋರಾಟ. ಮಿಷಿಗನ್ನಿನಲ್ಲಿ ಚಳಿಗಾಲದ ಮಂಜು ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. (ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ, ಸುಮಾರು 350 ಮೀಟರ್ ಆಳದಲ್ಲಿ, ಉಪ್ಪಿನ ಗಣಿಯಿದೆ, ಮೇಲೆ ಕಾರು ಕಟ್ಟುತ್ತಾರೆ, ಕೆಳಗೆ ಅದನ್ನು ತಿನ್ನುವ ಉಪ್ಪನ್ನು ಅಗೆಯುತ್ತಾರೆ.) ಕಾರನ್ನು ಜಾಕಿನಿಂದ ಎತ್ತಿ, ನಾಲ್ಕು ಉಕ್ಕಿನ ಕಾಲುಗಳ ಮೇಲೆ ನಿಲ್ಲಿಸಿ, ಅಲುಗಾಡಿಸಿ ಭದ್ರವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವನು ಅಡಿಗೆ ಹೋದದ್ದು. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ಎಣ್ಣೆ ಸಿಂಪಡಿಸಿ ನೆನೆಯಲು ಬಿಟ್ಟಿದ್ದ. ಆದರೂ ಒಂದು ಬೋಲ್ಟು ಒಂದೂಕಾಲು ಗಂಟೆ ತಿಂದಿತು. ಕೊಳವೆಯನ್ನು ತೂಗುಹಾಕುವ ರಬ್ಬರಿನ ಕಿವಿಗಳಿಗೆ ಸಾಬೂನಿನ ನೀರು ಸವರಿ ಒಂದೊಂದಾಗಿ ಜಾರಿಸಿದ. ನಾನು ಟಾರ್ಚ್ ಹಿಡಿದೆ, ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟೆ, ಅವನ ಹೆಂಡತಿ ತಂದ ಅವಲಕ್ಕಿಯನ್ನು ತಿಂದೆ.

ಎಂಜಿನ್ನಿನ ಹತ್ತಿರವಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಅವನು ಮುಟ್ಟಲಿಲ್ಲ. ಹೊಗೆಯ ವಿಷವನ್ನು ತಗ್ಗಿಸುವ ಭಾಗ ಅದು. ಕಳಚುವುದು ಅಮೆರಿಕದ ಶುದ್ಧ ವಾಯು ಕಾನೂನಿನ ಪ್ರಕಾರ ಅಪರಾಧ. ಬದಲಾದದ್ದು ಅದರ ಹಿಂದಿನ ಭಾಗ ಮಾತ್ರ. ಹೊಸದು ತುಕ್ಕು ಸುಲಭವಾಗಿ ಹಿಡಿಯದ ಸ್ಟೇನ್‌ಲೆಸ್ ಉಕ್ಕಿನದು. ಎಡಬಲದ ಕೊಳವೆಗಳಲ್ಲಿ ಒಂದೊಂದು ಚಿಟ್ಟೆ ಕವಾಟ, ಅಂದರೆ ನಡುವಿನ ಕಡ್ಡಿಯ ಮೇಲೆ ತಿರುಗುವ ಒಂದು ದುಂಡು ತಗಡು. ತೆರೆದರೆ ಅನಿಲ ನೇರ ದಾರಿಯಲ್ಲಿ ಹೊರಟುಹೋಗುತ್ತದೆ. ಮುಚ್ಚಿದರೆ ತೂತುಗಳಿರುವ ಕೋಣೆಗಳೊಳಗೆ ಸುತ್ತಿ ಬಳಸಿ ಸಾಗಬೇಕು. ಅಲ್ಲಿ ಸದ್ದಿನ ಅಲೆಗಳು ಸೊರಗುತ್ತವೆ. ತಗಡನ್ನು ತಿರುಗಿಸಲು ಪುಟ್ಟ ವಿದ್ಯುತ್ ಮೋಟಾರು, ಅದರ ತಂತಿ ಕಾರಿನೊಳಗೆ, ಚಾಲಕನ ಕೈಯಲ್ಲಿ ಗುಂಡಿ. ಇದರಿಂದ ಕಾರಿನ ವೇಗ ಹೆಚ್ಚುತ್ತದೆಯೇ ಎಂದು ಕೇಳಿದೆ. “ಲೆಕ್ಕಕ್ಕೆ ಬರುವಷ್ಟಿಲ್ಲ ಸಾರ್, ಸದ್ದಿಗೇ ಕೊಟ್ಟ ದುಡ್ಡು ಇದು” ಎಂದು ಒಪ್ಪಿಕೊಂಡ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಸಂಜೆ ಹೆದ್ದಾರಿಗೆ ಹೋದೆವು. ಗಂಟೆಗೆ 70 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗುತ್ತದೆ. ಎಂಟು ಸಿಲಿಂಡರಾದ್ದರಿಂದ ಒಂದು ಸುತ್ತಿಗೆ ನಾಲ್ಕು ಸಲ ಉರಿ; ಸೆಕೆಂಡಿಗೆ 133. ಗಿರಣಿಯ ಐದು ಹೊಡೆತಗಳನ್ನು ಎಣಿಸಬಹುದು, 133 ಆದಾಗ ಅದು ಸ್ವರವಾಗಿಬಿಡುತ್ತದೆ: ಸಂಗೀತ ಬಲ್ಲವರು ಒಂದನೇ ಮನೆ ಎನ್ನುವ ಗಂಡು ಶ್ರುತಿಯ ಷಡ್ಜಕ್ಕೆ ತೀರ ಹತ್ತಿರ. ಕವಾಟ ತೆರೆದಿದ್ದಾಗ ಆ ಷಡ್ಜ ತಂಬೂರಿಯಂತಿರದೆ ತಲೆಬುರುಡೆಯೊಳಗೆ ಗುಂಯ್‌ಗುಡುತ್ತದೆ. ಹತ್ತು ನಿಮಿಷದಲ್ಲಿ ನನಗೆ ಸಾಕಾಯಿತು. ಗುಂಡಿ ಒತ್ತಿದ, ನಾವಿಬ್ಬರೂ ಮಾತನಾಡುವಂತಾಯಿತು.

ನನ್ನನ್ನು ಕೇಳಿದರೆ ಆ ಗುಂಯ್‌ಗಾರಕ್ಕೆ ಕವಾಟಕ್ಕಿಂತ ಜಾಣತನದ ಉಪಾಯವೊಂದಿದೆ. ಮುಖ್ಯ ಕೊಳವೆಗೆ ತುದಿ ಮುಚ್ಚಿದ ಇನ್ನೊಂದು ಕವಲು ಕೊಳವೆ ಬೆಸೆಯುವುದು. ಅದರೊಳಗೆ ಹೋಗಿ ತುದಿಗೆ ಬಡಿದು ಮರಳುವ ಅಲೆ ಅರ್ಧ ಆವರ್ತದಷ್ಟು ತಡವಾಗಿ ಬಂದು ಹೊಸ ಅಲೆಯನ್ನು ಅಳಿಸಿಹಾಕುತ್ತದೆ. ಬಿಸಿ ಹೊಗೆಯಲ್ಲಿ, 350 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ, ಸದ್ದಿನ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. 133 ಆವೃತ್ತಿಗೆ ತರಂಗದೂರ 3.76 ಮೀಟರ್, ಅದರ ಕಾಲು ಭಾಗ 94 ಸೆಂಟಿಮೀಟರ್. ಅಷ್ಟುದ್ದದ ಕೊಳವೆ ಸಾಕು. ತಿರುಗುವ ತಗಡಿಲ್ಲ, ಮೋಟಾರಿಲ್ಲ, ಕೆಡುವುದಕ್ಕೆ ಏನೂ ಇಲ್ಲ. ನೀರಿನ ಕೊಳವೆಯ ಮೇಲೆ ಶ್ರುತಿಕವೆ ಹಿಡಿದು ನಾವು ಮಾಡುತ್ತಿದ್ದ ಅನುರಣನದ ಪ್ರಯೋಗವೇ ಇದು. ಕೆಲವು ತಯಾರಕರು ಇದನ್ನು ಮಾಡುತ್ತಾರಂತೆ. ಇವನು ಕೊಂಡದ್ದರಲ್ಲಿ ಇರಲಿಲ್ಲ.

ಆಗಸ್ಟ್ ತಿಂಗಳ ಮೂರನೆಯ ಶನಿವಾರ ಅಲ್ಲಿನ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ನಡೆದುಬಂದಿರುವ ಹಳೆಯ ಕಾರುಗಳ ಮೆರವಣಿಗೆಗೂ ಕರೆದೊಯ್ದ. ನಮ್ಮ ತೇರಿನಂತೆಯೇ ಜನ ರಸ್ತೆಯ ಬದಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಲ್ಲಿ ಕವಾಟ ತೆರೆದೇ ಇತ್ತು. ಯಾರೂ ಬೇಸರಪಡಲಿಲ್ಲ.

ಅವನ ತಂದೆ ಆ ಕಾರನ್ನು ನೋಡಿದ್ದು 2024ರಲ್ಲಿ, ಮೊದಲ ಸಲ ವಿಮಾನ ಹತ್ತಿ ಅಲ್ಲಿಗೆ ಹೋದಾಗ. ನಾನು ಅಷ್ಟರಲ್ಲಿ ಊರಿಗೆ ಬಂದಿದ್ದೆ. ಇದು ಅವನು ಫೋನಿನಲ್ಲಿ ಹೇಳಿದ್ದು. ಕಾರನ್ನು ಚಾಲೂ ಮಾಡಿ ಕವಾಟ ತೆರೆದ. ತಂದೆಗೆ ಕೇಳಿಸಲಿಲ್ಲವೆಂದು ಮುಖ ನೋಡಿಯೇ ತಿಳಿಯಿತು. ಅವರು ಹಿಂದೆ ಹೋಗಿ, ಬಗ್ಗಿ, ಒಂದು ಕೊಳವೆಯ ಬಾಯಿಂದ ಗೇಣುದ್ದ ದೂರದಲ್ಲಿ ಅಂಗೈ ಹಿಡಿದರು. ಸ್ವಲ್ಪ ಹೊತ್ತು ಹಾಗೇ ಇದ್ದು, “ತಾಳ ತಪ್ಪುತ್ತಿದೆಯಲ್ಲೋ, ಒಂದು ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ, ತೋರಿಸು” ಎಂದರು. ಇವನು ಅವಾಕ್ಕಾದ. ಎಂಜಿನ್ ಸರಿಯಾಗಿಯೇ ಇತ್ತು. ಆದರೆ ಈ ಬಗೆಯ ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ ಉರಿ ಬಲ, ಎಡ, ಬಲ, ಎಡ, ಎಡ, ಬಲ, ಎಡ, ಬಲ ಎಂದು ಸಾಗುತ್ತದೆ. ಎರಡೂ ಕಡೆ ಸೇರಿಸಿದರೆ ಅಂತರ ಸಮ. ಒಂದೇ ಕಡೆ ನೋಡಿದರೆ ಅಸಮ. ಮಸ್ಟಾಂಗಿನ ಆ ಪ್ರಸಿದ್ಧ ಗುಡುಗುಡುವಿಗೆ ಮೂಲವೇ ಈ ಅಸಮ. ಕಾರಿನ ಬಳಿ ನಿಂತು ಅದನ್ನು ಮೆಚ್ಚಿದವರು ಎಷ್ಟೋ ಜನ. ಅಂಗೈಯಲ್ಲಿ ಅದನ್ನು ಹಿಡಿದು ದೂರು ಹೇಳಿದವರು ಇವರೊಬ್ಬರೇ.

ಮಗ ಒಂದು ಚೀಟಿಯ ಮೇಲೆ ಉರಿಯುವ ಕ್ರಮ ಬರೆದುಕೊಟ್ಟ: 1, 5, 4, 8, 6, 3, 7, 2. ತಂದೆ ಅದನ್ನು ಓದಿ, ಇನ್ನೊಂದು ಕೊಳವೆಗೂ ಕೈ ಹಿಡಿದು ನೋಡಿ, ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಪಕ್ಕದ ಮನೆಯ ಕಿಟಕಿಯತ್ತ ಬೆರಳು ತೋರಿಸಿ, ಇನ್ನು ಮುಚ್ಚು ಎಂದು ಸನ್ನೆ ಮಾಡಿದರಂತೆ.