ಸೂಜಿಯ ಮುಂದೆ ಶಿಷ್ಯರಾಗಿ

ನಲವತ್ತು ದಾಟಿದ ಮೇಲೆ ನಾವು ಪರದೆ ಹೊಲಿಯಲು ಕಲಿಯುತ್ತಿದ್ದೇವೆ. ಕಲಿಸುವವರು ನಮಗಿಂತ ಕಿರಿಯರು. ಹಿಂದೆ ನಮ್ಮ ಮದ್ರಸದಲ್ಲೇ ಅಲಿಫ್, ಬಾ ಕಲಿತವರು. ಅವರು ಇಂದಿಗೂ ನಮ್ಮನ್ನು 'ಉಸ್ತಾದ್' ಎಂದೇ ಕರೆಯುತ್ತಾರೆ. ಆದರೆ ಹೊಲಿಗೆಯಂತ್ರದ ಮುಂದೆ ಅವರೇ ಗುರು.

ಅವರ ಮೊದಲ ಪಾಠ ಅಳತೆಯದ್ದು. ಅಗಲಕ್ಕೆ ಅಳೆಯಬೇಕಾದದ್ದು ಕಿಟಕಿಯನ್ನಲ್ಲ, ಪರದೆ ತೂಗುವ ಸರಳನ್ನು. ನೆರಿಗೆ ತುಂಬಿ ಬೀಳಬೇಕಾದರೆ ಬಟ್ಟೆಯ ಅಗಲ ಅದರ ಸುಮಾರು ಎರಡು ಪಟ್ಟು ಇರಬೇಕು: 5 ಅಡಿಯ ಸರಳಿಗೆ 10 ಅಡಿ ಬಟ್ಟೆ. ಕೆಳಗಿನ ಅಂಚನ್ನು ದಪ್ಪವಾಗಿ ಮಡಿಚಿದರೆ ಅದರ ಭಾರಕ್ಕೆ ಪರದೆ ನೇರವಾಗಿ ಇಳಿಯುತ್ತದೆ. ಹತ್ತಿಯ ಬಟ್ಟೆಯನ್ನು ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲವಾದರೆ ಹೊಲಿದ ಮೇಲೆ ಕುಗ್ಗೀತು.

"ಉಸ್ತಾದರೇ, ಈ ವಯಸ್ಸಿನಲ್ಲಿ ನಿಮಗೇಕೆ ದರ್ಜಿಯ ಕೆಲಸ?" ಎಂದು ಕೆಲವರು ಕೇಳಿದ್ದುಂಟು. ಪ್ರವಾದಿವರ್ಯರು(ಸ) ತಮ್ಮ ಉಡುಪನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಅವರ ಮನೆಯಲ್ಲಿ ಚಿತ್ರಗಳಿದ್ದ ಪರದೆಯೊಂದನ್ನು ಪ್ರವಾದಿವರ್ಯರು(ಸ) ಮೆಚ್ಚದಿದ್ದಾಗ, ಆ ಬಟ್ಟೆಯನ್ನು ಅವರು ಎಸೆಯದೆ ಕತ್ತರಿಸಿ ದಿಂಬಾಗಿಸಿದ ವಿಷಯ ಹದೀಸ್ ಗ್ರಂಥಗಳಲ್ಲಿದೆ. ನಾವೂ ಉಳಿದ ತುಂಡುಗಳಿಂದ ದಿಂಬಿನ ಹೊದಿಕೆ ಹೊಲಿಯುತ್ತಿದ್ದೇವೆ.

ದುಡಿಮೆಯ ಘನತೆಯನ್ನು ತರಗತಿಯಲ್ಲಿ ಬೋಧಿಸುವುದು ಸುಲಭ. ತಮ್ಮ ಉಸ್ತಾದರು ದರ್ಜಿಯ ಅಂಗಡಿಯಲ್ಲಿ ಕುಳಿತು, ತಿದ್ದಿಸಿಕೊಂಡು, ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವುದನ್ನು ಮಕ್ಕಳು ಕಾಣುತ್ತಿದ್ದಾರೆ. ಕುಶಲಕರ್ಮ ಕಲಿಯಲು ಹೊರಟ ಮಗನನ್ನೋ ಮಗಳನ್ನೋ ಕೀಳಾಗಿ ಕಾಣದಿರೋಣ. ಅವರಿಗೆ ಕಲಿಸುವವರನ್ನು ಗುರುವೆಂದೇ ಗೌರವಿಸೋಣ.